ಮಹಡಿಯ ಮೇಲೆ ಅರ್ಧ ಗಂಟೆ

ಹೆರಿಗೆಯಾಗಿ ತಿಂಗಳುಗಳೇ ಕಳೆದರೂ ವನಜಾಕ್ಷಿಯ ಸೊಂಟನೋವು ಬಿಟ್ಟಿರಲಿಲ್ಲ. ದಿನವೂ ವ್ಯಾಯಾಮ ಮಾಡಲೇಬೇಕೆಂದು ಡಾಕ್ಟರು ಹೇಳಿದ್ದರು. ಆದರೆ ಅವಳು ಅತ್ತ ಹೋದರೆ ಸಾಕು, ಮಗು ಮನೆ ಹಾರಿಹೋಗುವಂತೆ ಅಳುತ್ತಿತ್ತು.

ಒಂದು ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಂದ ಅತ್ತೆ, "ಮಹಡಿಗೆ ಹೋಗಿ ಅದೇನು ಬಗ್ಗೋದು ಏಳೋದು ಇದೆಯೋ ಮಾಡ್ಕೊಂಡು ಬಾರಮ್ಮ. ತೊಟ್ಟಿಲು ನಾನು ತೂಗ್ತೀನಿ" ಎಂದರು.

ಅವಳು ಎಷ್ಟೋ ದಿನಗಳ ಮೇಲೆ ನೆಮ್ಮದಿಯಿಂದ ಮೈ ಬಗ್ಗಿಸಿದಳು. ಕೆಳಗಿನಿಂದ ಅತ್ತೆಯ ಜೋಗುಳ ಕೇಳುತ್ತಲೇ ಇತ್ತು. ಬೆವರು ಒರೆಸಿಕೊಳ್ಳುತ್ತ ಇಳಿದು ಬಂದಾಗ ಮಗು ನೆಲದ ಚಾಪೆಯ ಮೇಲೆ ಕಾಲಾಡಿಸುತ್ತ ಮಲಗಿತ್ತು. ಅತ್ತೆ ಮಾತ್ರ ತೊಟ್ಟಿಲು ತೂಗುತ್ತಲೇ ಇದ್ದರು.

"ಅಯ್ಯೋ ಅತ್ತೆ, ಬರಿ ತೊಟ್ಟಿಲು ತೂಗಬಾರದು ಅಂತ ನೀವೇ ಬೈತಿದ್ರಲ್ಲ!"

"ಮೆತ್ತಗೆ ಮಾತಾಡು. ಎದ್ದುಬಿಟ್ಟಾನು."

"ಯಾರು?"

"ನಿನ್ನ ಗಂಡನ ಅಣ್ಣ. ಹಸುಗೂಸಾಗಿದ್ದಾಗಲೇ ತೀರಿಕೊಂಡನಲ್ಲ, ಅವನೇ. ಇಬ್ಬರಿಗೂ ಜಾಗ ಸಾಲಲಿಲ್ಲ, ಅದಕ್ಕೆ ನಿನ್ನ ಮಗೂನ ಕೆಳಗಿಳಿಸಿದೆ."

ವನಜಾಕ್ಷಿ ಮಗುವನ್ನು ಬಾಚಿ ಎದೆಗೊತ್ತಿಕೊಂಡಳು. ಅತ್ತೆ ತಲೆಯೆತ್ತದೆ ಹೇಳಿದರು:

"ನಾಳೆಯೂ ಮಹಡಿಗೆ ಹೋಗು ತಾಯಿ. ನೀನಿಲ್ಲಿದ್ರೆ ಅವನು ಬರೋದಿಲ್ಲ."