ಬಂದ ಕಾರಣ

ದುರ್ಬೀನಿನಲ್ಲಿ ಕಂಡದ್ದು ಸೇನೆಯಾಗಿದ್ದರೆ ಸೊಸೆ ಇಷ್ಟು ಹೆದರುತ್ತಿರಲಿಲ್ಲ. ಗುಡ್ಡದ ಕಾಲುದಾರಿಯಲ್ಲಿ ಕೈಚೀಲ ಹಿಡಿದು, ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದವರು ಅವಳ ಅತ್ತೆ. ಕಾವಲಿಗೆ ಕೂತಿದ್ದವಳು ಬಂದೂಕನ್ನು ಬೆನ್ನ ಹಿಂದೆ ಬಚ್ಚಿಟ್ಟು, ಅಭ್ಯಾಸಬಲದಿಂದ ಎದ್ದು ನಿಂತಳು.

ಬಂಡುಕೋರರ ಈ ಮಹಿಳಾ ದಳಕ್ಕೆ ಅವಳು ಸೇರಿ ಮೂರು ತಿಂಗಳಾಗಿತ್ತು. ಹೊಸಬರು ಯಾರೇ ಆಗಲಿ, ಎಲ್ಲರೆದುರು ನಿಂತು ಬಂದ ಕಾರಣ ಹೇಳಬೇಕು, ಕ್ಯಾಪ್ಟನ್ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅದು ಅಲ್ಲಿನ ಕಟ್ಟಳೆ. ಟೀಚರ್ ತನ್ನ ಶಾಲೆಯನ್ನು ಸೈನಿಕರು ಸುಟ್ಟದ್ದನ್ನು ಹೇಳಿದ್ದಳು. ನರ್ಸ್ ಸತ್ತ ತಮ್ಮನ ಹೆಸರು ಹೇಳಿ ಅತ್ತುಬಿಟ್ಟಿದ್ದಳು. ಸೊಸೆ ಹೇಳಿದ್ದು ಒಂದೇ ಮಾತು, 'ನಮ್ಮತ್ತೆ.' ಕ್ಯಾಪ್ಟನ್ ಸ್ವಲ್ಪ ಯೋಚಿಸಿ 'ದಬ್ಬಾಳಿಕೆ' ಎಂದು ಬರೆದುಕೊಂಡಿದ್ದಳು.

ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯ ಸೇವೆ ಮುಗಿಸಿ ಅತ್ತೆ ಹೊರಬಂದರೆಂದರೆ ಸೊಸೆಯ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ. ಚಹಾ ಬರೀ ನೀರು, ನೆಲ ಒರೆಸಿದ್ದು ಸಾಲದು, ನಕ್ಕದ್ದು ಬೀದಿಗೆ ಕೇಳಿಸಿತು. ಗಂಡನೋ, ಪತ್ರಿಕೆಯಿಂದ ತಲೆಯನ್ನೇ ಎತ್ತುತ್ತಿರಲಿಲ್ಲ. ಇಲ್ಲಿ ನಸುಕಿನಲ್ಲೇ ಎಬ್ಬಿಸಿ ಗುಡ್ಡ ಹತ್ತಿಸಿದರೂ ಅವಳಿಗೆ ತವರಿಗೆ ಬಂದಷ್ಟು ಹಾಯೆನಿಸುತ್ತಿತ್ತು. ಮತ್ತೆ ಆ ಮನೆಯ ಹೊಸ್ತಿಲು ತುಳಿಯುವುದಕ್ಕಿಂತ ಗುಂಡಿಗೆ ಎದೆ ಕೊಡುವುದೇ ಮೇಲು ಎಂದುಕೊಂಡಿದ್ದಳು.

ದಳವೆಲ್ಲ ಸುತ್ತ ನೆರೆಯಿತು. ಅತ್ತೆ ಬಂಡೆಯ ಮೇಲೆ ಕುಳಿತು ನೀರು ಕುಡಿದರು. ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರೂ ಅವಳ ಪ್ಯಾಂಟಿನ ಬಗ್ಗೆ ಚಕಾರ ಎತ್ತಲಿಲ್ಲ. ಬೈಗುಳಕ್ಕಿಂತ ಅದೇ ಸೊಸೆಗೆ ಹೆಚ್ಚು ಭಯ ಹುಟ್ಟಿಸಿತು.

"ನಾನು ಬರಲ್ಲ ಅತ್ತೆ," ಎಂದಳು. ಜನ್ಮದಲ್ಲಿ ಅವರಿಗೆ ಆಡಿದ ಮೊದಲ ಎದುರುಮಾತು ಅದು.

"ನಿನ್ನನ್ನ ಯಾರು ಕರೆದ್ರು?" ಎಂದರು ಅತ್ತೆ.

ಕ್ಯಾಪ್ಟನ್ ನಡುವೆ ಬಂದಳು. ಇಲ್ಲಿಂದ ಯಾರನ್ನೂ ಬಲವಂತವಾಗಿ ಎಳೆದೊಯ್ಯುವಂತಿಲ್ಲ, ಬಂದ ಕಾರಣವೇನಿದ್ದರೂ ಎಲ್ಲರೆದುರೇ ಹೇಳಬೇಕು ಎಂದು ಗದರಿದಳು. ಅತ್ತೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಒಳಕೋಣೇಲಿ ನಮ್ಮತ್ತೆ ಬೈದಿದ್ದನ್ನೆಲ್ಲ ಇವಳಿಗೆ ದಾಟಿಸಿ ಹೇಗೋ ಉಸಿರಾಡ್ತಿದ್ದೆ. ಇವಳು ಮನೆ ಬಿಟ್ಟು ಇಲ್ಲಿಗೆ ಬಂದಮೇಲೆ ಎಲ್ಲಾ ನನ್ನೊಬ್ಬಳ ತಲೆ ಮೇಲೆ. ಮುದುಕೀನ ಇವಳ ಗಂಡನಿಗೆ ಒಪ್ಪಿಸಿ ಬಂದಿದೀನಿ, ನನಗೂ ಒಂದು ಬಂದೂಕು ಕೊಡಿ."