ಸ್ವಂತ ವಾಕ್ಯ

"ನಿನ್ನೆ ಮೇಷ್ಟ್ರ ಹತ್ರ ಚೆನ್ನಾಗಿ ಬೈಸಿಕೊಂಡೆ," ಎಂದ ಕ್ಷೌರಿಕ. ಕುರ್ಚಿಯಲ್ಲಿ ಕೂತಿದ್ದ ತನ್ನ ಅಣ್ಣನ ಗಲ್ಲಕ್ಕೆ ನೊರೆ ಬಳಿಯುತ್ತಿದ್ದರೂ ಮಾತೆಲ್ಲ ಬೆಂಚಿನ ಮೇಲಿದ್ದ ಅಂಚೆಯವನ ಜೊತೆ. ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಸೇರಿ ಕ್ಷೌರಿಕನಿಗೆ ಎರಡು ತಿಂಗಳು. ದಿನಕ್ಕೊಂದು ಪದ, ಮರುದಿನ ಅದನ್ನು ಸ್ವಂತ ವಾಕ್ಯದಲ್ಲಿ ಹಾಕಿ ತೋರಿಸಬೇಕು. "ಪದ ರಿಲಕ್ಟೆಂಟ್, ಮನಸ್ಸಿಲ್ಲದವನು ಅಂತ. ಪಾತ್ರೆ ತೊಳೆಯೋಕೆ ನಾನು ರಿಲಕ್ಟೆಂಟ್ ಅಂತ ಬರೆದೆ. ಆಮೇಲೆ ತೊಳೆದ್ಯಾ ಅಂದ್ರು. ಇಲ್ಲ ಸಾರ್, ಹೆಂಡ್ತಿ ತೊಳೆದ್ಲು ಅಂದೆ. ಅದಕ್ಕೆ ಸೋಮಾರಿತನ ಅಂತಾರೆ, ಬೇರೆ ವಾಕ್ಯ ತಾ ಅಂದ್ಬಿಟ್ರು!"

ಅಂಚೆಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಮನಸ್ಸಿಲ್ಲ ಅಂದ್ಮೇಲೆ ಮುಗೀತಪ್ಪ. ಮನಸ್ಸಿಲ್ಲದವನು ಯಾಕೆ ಮಾಡ್ತಾನೆ?"

"ನಂಗೂ ಅದೇ ತಲೆಗೆ ಹೋಗ್ತಿಲ್ಲ. ಬೇಕಾದ್ರೆ ಮಾಡ್ತಾನೆ, ಬೇಡವಾದ್ರೆ ಬಿಡ್ತಾನೆ. ಬೇಡ ಅಂದ್ಕೊಂಡೂ ಮಾಡೋನು ಯಾವನು?"

ಕುರ್ಚಿಯಲ್ಲಿದ್ದ ಅಣ್ಣನಿಗೆ ಇಂಗ್ಲಿಷ್ ಅಂದರೆ ನೀರು ಕುಡಿದಷ್ಟು ಸಲೀಸು, ಕಚೇರಿಯ ಗುಮಾಸ್ತ. ಆದರೆ ಕೇಳುವ ಬಾಯಿ ಎಲ್ಲಿದೆ? ಒಂಬತ್ತು ವರ್ಷದ ಹಿಂದೆ, ಅಪ್ಪನ ಕೈ ನಡುಗತೊಡಗಿದ ವರ್ಷವೇ, ಅಣ್ಣ ಇಸ್ತ್ರಿ ಶರ್ಟು ತೊಟ್ಟು, ನಗುನಗುತ್ತಾ ಈ ಅಂಗಡಿಯ ಮೆಟ್ಟಿಲಿಳಿದು ಹೋಗಿದ್ದ. ಆ ನಗು ತಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತು. ಅಂದೇ ತಮ್ಮ ಮಾತು ಬಿಟ್ಟ. ಹದಿನೈದು ದಿನಕ್ಕೊಮ್ಮೆ ಅಣ್ಣ ಬರುವುದು ಮಾತ್ರ ತಪ್ಪಲಿಲ್ಲ. ಬೇರೆಯವರ ಕೈಗೆ ತಲೆ ಕೊಡುವ ಆಸಾಮಿಯಲ್ಲ ಅವನು. ಬಂದು ಕೂರುತ್ತಿದ್ದ, ತಮ್ಮ ಅವನ ಗಲ್ಲ ಹಿಡಿದು ತಿರುಗಿಸುತ್ತಿದ್ದ, ಕೆಲಸ ಮುಗಿದರೆ ಎದ್ದು ಹೋಗುತ್ತಿದ್ದ. ಜಗಳಕ್ಕೂ ಒಂದು ಶಿಸ್ತು ಬೇಡವೇ!

"ಮಾಡ್ತಾನೆ," ಎಂದಿತು ನೊರೆಯೊಳಗಿಂದ ಒಂದು ದನಿ.

ಕ್ಷೌರಿಕನ ಕತ್ತಿ ಗಾಳಿಯಲ್ಲೇ ನಿಂತುಬಿಟ್ಟಿತು. ಅಣ್ಣ ಕನ್ನಡಿಗೆ ಹೇಳುವವನಂತೆ ಹೇಳಿದ: "ಬೇಡ ಅನ್ನಿಸಿದ್ರೂ ಮಾಡ್ತಾನೆ. ಮನಸ್ಸು ಹಿಂದಕ್ಕೆ ಎಳೀತಾ ಇರುತ್ತೆ, ಕಾಲು ಮುಂದಕ್ಕೆ ಹೋಗ್ತಾ ಇರುತ್ತೆ. ಅಂಥವನು ರಿಲಕ್ಟೆಂಟ್."

ತಮ್ಮನಿಗೆ ರೋಷವೂ ಇತ್ತು, ಕುತೂಹಲವೂ ಇತ್ತು. ಹಾಳು ಕುತೂಹಲವೇ ಗೆದ್ದಿತು. ಅಂಚೆಯವನ ಕಡೆ ತಿರುಗಿ, "ಒಂದು ಉದಾಹರಣೆ ಕೊಡೋಕೆ ಹೇಳಿ ಅವರಿಗೆ," ಎಂದ.

ಅಣ್ಣ ಕನ್ನಡಿಯಿಂದ ಕಣ್ಣು ತೆಗೆಯದೆ, "ಐ ಲೆಫ್ಟ್ ದಿಸ್ ಶಾಪ್ ರಿಲಕ್ಟೆಂಟ್ಲಿ," ಎಂದ.

ಸಣ್ಣ ಸಣ್ಣ ಪದಗಳು: ಮನಸ್ಸಿಲ್ಲದೆ ಈ ಅಂಗಡಿ ಬಿಟ್ಟೆ. ಎರಡು ತಿಂಗಳ ಇಂಗ್ಲಿಷಿಗೆ ಅರ್ಥವಾಗದ್ದೇನೂ ಅದರಲ್ಲಿರಲಿಲ್ಲ.

"ಸುಳ್ಳು!" ಕ್ಷೌರಿಕ ಅಂಚೆಯವನನ್ನು ಮರೆತೇಬಿಟ್ಟ. "ನಗ್ತಾ ಹೋದೆ ನೀನು. ಈ ಕಣ್ಣಾರೆ ನೋಡಿದೀನಿ!"

"ಬಾಗಿಲಲ್ಲಿ ಅಪ್ಪ ನಿಂತಿದ್ರಲ್ಲೋ. ಇರೋದು ಒಂದು ಕುರ್ಚಿ, ಮಕ್ಕಳು ಇಬ್ಬರು. ಕೈಗುಣ ಚಿಕ್ಕವನದು, ನೀನು ಬೇರೆ ದಾರಿ ನೋಡ್ಕೋ ಅಂತ ಹಿಂದಿನ ದಿನ ಅವರೇ ಹೇಳಿದ್ರು. ಹೇಳುವಾಗ ನನ್ನ ಮುಖ ನೋಡೋಕಾಗ್ಲಿಲ್ಲ ಅವರಿಗೆ. ನಾನು ಅಳ್ತಾ ಹೋಗಿದ್ರೆ ಆ ಜೀವ ತಡ್ಕೋತಿತ್ತಾ?"

ಅಂಚೆಯವನು ಪತ್ರಿಕೆಯನ್ನು ಮುಖದ ಮೇಲಕ್ಕೆ ಎತ್ತಿಕೊಂಡ. ಕ್ಷೌರಿಕ ಒಣಗಿದ್ದ ಕತ್ತಿಯನ್ನೇ ಎರಡು ಸಲ ಟವೆಲ್ಲಿಗೆ ಒರೆಸಿದ. ಅಪ್ಪ ಈ ಮಾತನ್ನು ಅವನ ಹತ್ತಿರ ಸಾಯುವ ತನಕ ಹೇಳಿರಲಿಲ್ಲ. ಅವನು ಅಣ್ಣನ ಕಿವಿಯ ಬಳಿ ಬಗ್ಗಿ, ಕ್ಲಾಸಿನಲ್ಲಿ ಅನುಮಾನ ಕೇಳುವವನ ಹಾಗೆ ಮೆಲ್ಲಗೆ ಕೇಳಿದ:

"ಹಾಗಾದ್ರೆ... ಒಂಬತ್ತು ವರ್ಷ ನಾನು ನಿನ್ನ ಹತ್ರ ಮಾತು ಬಿಟ್ಟಿದ್ದೆನಲ್ಲ ಅಣ್ಣ, ಅದಕ್ಕೂ ಇದೇ ಪದ ಹಾಕಬಹುದಾ?"