ಲಂಕೆಗೆ ಮೊದಲು ಮಾಕುಟ್ಟ

ಹುಣಸೂರಿನ ಕಣ್ಣಿನ ಡಾಕ್ಟರು ಲೈಸೆನ್ಸ್ ನವೀಕರಣದ ಫಾರ್ಮಿಗೆ ಸಹಿ ಹಾಕಲಿಲ್ಲ. "ನೇರ ನೋಟ ಚೆನ್ನಾಗಿದೆ ಸ್ವಾಮಿಯವರೇ. ಅಕ್ಕಪಕ್ಕದ್ದು ಮಸುಕಾಗಿದೆ. ಇನ್ನು ಗಾಡಿ ಓಡಿಸಬೇಡಿ," ಎಂದು ಹಾಗೇ ವಾಪಸು ಕೊಟ್ಟರು. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ, ಒಂದು ಕೋಳಿಗೂ ತಾಗಿಸದೆ ನಿವೃತ್ತರಾಗಿದ್ದ ವೀರಭದ್ರಸ್ವಾಮಿ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಹೆಂಡತಿ ಯಶೋದಮ್ಮನೊಡನೆ ಬೆಟ್ಟದಪುರದ ಬಸ್ಸು ಹತ್ತಿದರು.

ಮನೆಯೊಳಗೆ ಕಾಲಿಟ್ಟವರೇ ನಡುಮನೆಯ ಗೋಡೆಗೆ ಅಂಟಿಸಿದ್ದ ಶ್ರೀಲಂಕಾದ ನಕ್ಷೆಗೆ ಕೈ ಹಾಕಿದರು. ನಿವೃತ್ತಿಯಾದಾಗಿನಿಂದ ಗಂಡ ಹೆಂಡತಿ ಸೇರಿ ಹಾಕಿದ ಲೆಕ್ಕಾಚಾರವೆಲ್ಲ ಅದರ ಮೇಲಿತ್ತು. ನಾಗಪಟ್ಟಣದಲ್ಲಿ ಹಡಗು ಹತ್ತುವುದು. ಆ ಹಡಗು ಜನರನ್ನಷ್ಟೇ ಒಯ್ಯುವುದರಿಂದ ಜಾಫ್ನಾದಲ್ಲಿ ಬೈಕು ಬಾಡಿಗೆಗೆ ಹಿಡಿಯುವುದು. ಅಲ್ಲಿಂದ ಕ್ಯಾಂಡಿ, ನುವರ ಎಲಿಯ, ಅದರಾಚೆಯ ಬೆಟ್ಟದ ರಸ್ತೆಗಳು, ಒಟ್ಟು ಹನ್ನೆರಡು ದಿನ. ಇಬ್ಬರ ಪಾಸ್‌ಪೋರ್ಟುಗಳೂ ಬಂದು ಬೀರುವಿನಲ್ಲಿ ಕೂತಿದ್ದವು.

ಯಶೋದಮ್ಮ ನಕ್ಷೆಯ ಇನ್ನೊಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದರು. "ಯಾಕ್ರೀ ಕೀಳ್ತೀರಾ?"

"ಲೈಸೆನ್ಸೇ ಇಲ್ದೋನಿಗೆ ಲಂಕೆ ಯಾಕೆ?"

"ನಂಗೈತಲ್ಲ."

ಸುಳ್ಳಲ್ಲ. ಗಂಡ ಕೇರಳದ ಕಡೆ ನೈಟ್ ಹಾಲ್ಟ್ ಮಾಡುತ್ತಿದ್ದ ವರ್ಷಗಳಲ್ಲಿ, ಹೊಲದಲ್ಲಿದ್ದ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ದಿನಕ್ಕೆ ಮೂರು ಸಲ ನಡೆದು ಸಾಕಾಗಿ, ಜಗುಲಿಯ ಪಕ್ಕ ಸುಮ್ಮನೆ ನಿಂತಿದ್ದ ಬೈಕನ್ನು ಓಡಿಸಲು ಅವರು ತಾವಾಗಿಯೇ ಕಲಿತಿದ್ದರು. ಗೇರಿನ ಗಾಡಿಗೇ ಲೈಸೆನ್ಸು ಮಾಡಿಸಿದ್ದರು. ಆದರೆ ಕಂಪಲಾಪುರದ ಹರಾಜು ಮಾರುಕಟ್ಟೆಯಿಂದ ಆಚೆಗೆ ಗಾಡಿ ಹೋದದ್ದಿಲ್ಲ. ಬೆಟ್ಟ, ಘಾಟಿ, ಸಮುದ್ರ ಎಲ್ಲವೂ ಗಂಡನ ಬಾಯಿಂದ ಕೇಳಿದ್ದು.

"ನೀನು ಓಡ್ಸೋದು ಹೊಲದ ದಾರಿ ಕಣೇ. ಘಾಟಿ ಅಂದ್ರೆ ಬೇರೆ. ಒಂದ್ ತಿರುವು ತಪ್ಪುದ್ರೆ ಮುಗೀತು." ಸ್ವಾಮಿ ತುಸು ತಡೆದು, ದನಿ ತಗ್ಗಿಸಿದರು. "ಅಲ್ದೆ, ಹೆಂಡ್ತಿ ಹಿಂದೆ ಕೂತ್ಕಂಡು ದೇಶ ಸುತ್ತೋಕೋದ ಅಂತಾರೆ ಜನ."

"ಅನ್ಲಿ ಬುಡಿ. ಅನ್ನೋರ್ಯಾರೂ ಹಡಗು ಹತ್ತಲ್ಲ. ಘಾಟಿ ತಾನೆ? ನಾಳೆ ಬೆಳಿಗ್ಗೆ ಮಾಕುಟ್ಟಕ್ಕೋಗಿ ಬರಾನ. ನೀವೇ ಹಿಂದೆ ಕೂತು ನೋಡಿ. ಬ್ಯಾಡ ಅನ್ಸುದ್ರೆ ಈ ನಕ್ಷೇನ ನಾನೇ ಹರಿದಾಕ್ತೀನಿ."

ವಿರಾಜಪೇಟೆ ದಾಟಿ ಕೇರಳಕ್ಕೆ ಇಳಿಯುವ ಆ ಘಾಟಿಯಲ್ಲಿ ಸ್ವಾಮಿ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ್ದರು. ಮರುದಿನ ಹತ್ತು ಗಂಟೆಯ ಹೊತ್ತಿಗೆ ಮೊದಲ ತಿರುವು ಬಂತು. ಮಳೆ ನಿಂತು ವಾರವಾಗಿದ್ದರೂ ರಸ್ತೆಯ ಅಂಚು ಪಾಚಿಗಟ್ಟಿತ್ತು. ಸ್ವಾಮಿಯ ಬಲಗಾಲು ಫುಟ್‌ರೆಸ್ಟನ್ನೇ ಬ್ರೇಕೆಂದು ಒತ್ತುತ್ತಿರುವುದು ಯಶೋದಮ್ಮನಿಗೆ ತಿಳಿಯುತ್ತಿತ್ತು. "ಹಾರ್ನ್ ಹೊಡಿ." "ಎಡಕ್ಕೆ ಹೋಗು." "ಸೆಕೆಂಡ್‌ಗೆ ಹಾಕು." ಮೂರು ತಿರುವು ಸಹಿಸಿಕೊಂಡ ಯಶೋದಮ್ಮ ನಾಲ್ಕನೆಯದರಲ್ಲಿ ತಲೆ ತಿರುಗಿಸದೆಯೇ ಹೇಳಿದರು, "ಡ್ರೈವರ್ ಜೊತೆ ಮಾತಾಡ್ಬಾರ್ದು ಅಂತ ನಿಮ್ ಬಸ್ಸಲ್ಲಿ ಬರ್ದಿರ್ಲಿಲ್ವಾ?"

ಅದಾಗಿ ಎರಡು ತಿರುವಿಗೆ ಎದುರಿನಿಂದ ಮರದ ದಿಮ್ಮಿ ತುಂಬಿದ ಲಾರಿ ಬಂತು. ಏರು ಹತ್ತುವ ರಭಸದಲ್ಲಿ ಅದು ಇಡೀ ರಸ್ತೆಯನ್ನೇ ನುಂಗಿಕೊಂಡು ತಿರುಗುತ್ತಿತ್ತು. ಯಶೋದಮ್ಮ ಗಾಬರಿಯಿಂದ ಬ್ರೇಕ್ ಒತ್ತಲಿಲ್ಲ. ಗೇರು ಇಳಿಸಿದರು, ವೇಗ ಸೋತ ಗಾಡಿಯನ್ನು ಗುಡ್ಡದ ಮಗ್ಗುಲಿಗೆ ಸರಿಸಿ, ಪಾಚಿಗೆ ಚಕ್ರ ತಾಗದಷ್ಟು ಜಾಗ ಬಿಟ್ಟು, ಒಂದು ಕಾಲೂರಿ ನಿಂತರು. ದಿಮ್ಮಿಯ ತುದಿ ಗೇಣುದೂರದಲ್ಲಿ ಹಾದುಹೋಯಿತು. ಮತ್ತೆ ಗಾಡಿ ಹೊರಟಾಗ ಫುಟ್‌ರೆಸ್ಟಿನ ಮೇಲಿನ ಕಾಲು ಒತ್ತುತ್ತಿರಲಿಲ್ಲ.

"ನಿಲ್ಸು," ಎಂದರು ಸ್ವಾಮಿ ಇನ್ನಷ್ಟು ಇಳಿದ ಮೇಲೆ.

ಮುಗಿಯಿತು, ವಾಪಸು ಹೋಗೋಣ ಅನ್ನುತ್ತಾರೆ ಎಂದುಕೊಂಡರು ಯಶೋದಮ್ಮ. ಸ್ವಾಮಿ ಇಳಿದು ಹೆಲ್ಮೆಟ್ ತೆಗೆದು ತಡೆಗೋಡೆಯ ಹತ್ತಿರ ಹೋದರು. ಮಂಕಾದ ಬದಿಗಣ್ಣಿಗೆ ಕಾಣದ್ದನ್ನೂ ತುಂಬಿಕೊಳ್ಳಲೆಂದು ತಲೆಯನ್ನೇ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಪೂರ್ತಿ ಹೊರಳಿಸಿದರು. ಎದುರು ಬೆಟ್ಟದ ಕಾಡಿನೊಳಗಿಂದ ನೀರು ಮೂರು ಎಳೆಯಾಗಿ ಬೀಳುತ್ತಿತ್ತು.

"ಈ ಘಾಟಿಯ ತಿರುವು ಒಂದೊಂದೂ ಗೊತ್ತು ಕಣೇ, ನಿದ್ದೇಲಿ ಎಬ್ಸಿ ಕೇಳುದ್ರೂ ಹೇಳ್ತೀನಿ," ಎಂದರು. "ಈ ನೀರು ಗೊತ್ತಿರ್ಲಿಲ್ಲ. ರಸ್ತೆ ಬುಟ್ಟು ಕಣ್ಣು ಎತ್ತೋಂಗೇ ಇರ್ಲಿಲ್ಲ ನೋಡು."

ಯಶೋದಮ್ಮ ಬೈಕಿನ ಮೇಲೇ ಕೂತಿದ್ದರು. ಅವಸರ ಮಾಡಲಿಲ್ಲ.

ಮೂರನೆಯ ದಿನ ಜಾಫ್ನಾದ ಬೈಕ್ ಬಾಡಿಗೆಯವನು ಫೋನ್ ಮಾಡಿದ. ಮಲಯಾಳ ಬೆರೆತ ತಮಿಳಿನಲ್ಲಿ ಅವನೊಡನೆ ವ್ಯವಹರಿಸುತ್ತಿದ್ದವರು ಸ್ವಾಮಿಯೇ. ಲೈಸೆನ್ಸು ಯಾರ ಹೆಸರಲ್ಲಿ ಎಂದು ಕೇಳಿದ.

"ಯಶೋದಮ್ಮ. ನಮ್ಮ ಮನೆಯವರು."

ಹಾಗಿದ್ದರೆ ಗೇರಿಲ್ಲದ ಸ್ಕೂಟರ್ ತೆಗೆದಿಡಲೇ ಎಂದು ಅವನು ನಕ್ಕ.

"ಸ್ಕೂಟರ್ ಬೇಡ. ಮಾಕುಟ್ಟ ಘಾಟಿ ಇಳಿದವರು ಅವರು. ಒಳ್ಳೆಯ ಬ್ರೇಕಿರುವ ಗೇರಿನ ಗಾಡಿಯೇ ಇರಲಿ," ಎಂದ ಸ್ವಾಮಿ, ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕಡೆ ತಲೆಯನ್ನು ಪೂರ್ತಿ ತಿರುಗಿಸಿ ನೋಡಿ, ಮತ್ತೆ ಫೋನಿಗೆ ಹೇಳಿದರು, "ಹಿಂದಿನ ಸೀಟು ಮಾತ್ರ ಎತ್ತರಕ್ಕಿರಲಿ. ನನಗೆ ನೋಡುವುದು ತುಂಬ ಇದೆ."